ಹದಿಮೂರರ ಡೊಂಕು ಪಾನಾ

ನಾನು ಒಂದು ಪಾನಾ. ಅಂಗಡಿಯ ಡಬ್ಬಿಯ ಮೇಲೆ ಸ್ಪ್ಯಾನರ್ ಎಂದು ಬರೆದಿತ್ತು, ಆದರೆ ಗದಗಿಗೆ ಬಂದ ಮೇಲೆ ಆ ಹೆಸರಿನಿಂದ ನನ್ನನ್ನು ಯಾರೂ ಕರೆದಿಲ್ಲ. ನನ್ನ ಎರಡು ತುದಿಗೂ ಬಳೆಯಂಥ ಬಾಯಿಗಳಿವೆ. ಒಂದು ಹನ್ನೆರಡರ ನಟ್ಟಿಗೆ, ಇನ್ನೊಂದು ಹದಿಮೂರರ ನಟ್ಟಿಗೆ. ಬಾಯಿ ಎರಡಿದ್ದೂ ಇಷ್ಟು ದಿನ ಸುಮ್ಮನಿದ್ದೆ. ಈಗ ವಯಸ್ಸಾಗಿದೆ, ಕೇಳಲು ನೀವಿದ್ದೀರಿ, ಹೇಳುತ್ತೇನೆ.

ಹುಟ್ಟಿದ್ದು ಪಂಜಾಬಿನ ಒಂದು ಕಾರ್ಖಾನೆಯಲ್ಲಿ. ಕೆಂಪಗೆ ಕಾದ ಸಲಾಕೆಯೊಂದನ್ನು ಅಚ್ಚಿನಲ್ಲಿಟ್ಟರು, ಮೇಲಿನಿಂದ ಭಾರಿ ಸುತ್ತಿಗೆಯೊಂದು ಬಿತ್ತು, ನಾನಾದೆ. ಬೇರೆ ಬಾಲ್ಯ ನನಗಿಲ್ಲ. ಎಣ್ಣೆಯಲ್ಲಿ ಅದ್ದಿ, ಉಜ್ಜಿ, ಮುಖ ಕಾಣುವಷ್ಟು ಹೊಳಪು ಕೊಟ್ಟರು. ಎಂಟು ಮಂದಿ ಅಣ್ಣತಮ್ಮಂದಿರನ್ನು ಸಣ್ಣವನಿಂದ ದೊಡ್ಡವನವರೆಗೆ ಒಂದು ಕ್ಯಾನ್ವಾಸ್ ಚೀಲದಲ್ಲಿ ಸಾಲಾಗಿ ಮಲಗಿಸಿದರು. ನಾನು ನಾಲ್ಕನೆಯವನು. ಎಲ್ಲಿಂದ ನೋಡಿದರೂ ನೇರವಾಗಿದ್ದೆ. ಆ ಬಗ್ಗೆ ಸ್ವಲ್ಪ ಜಂಬವೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ನಮ್ಮನ್ನು ಕೊಂಡವರು ದಸ್ತಗೀರ ಉಸ್ತಾದರು. ಬೆಟಗೇರಿಗೆ ಹೋಗುವ ರಸ್ತೆಯಲ್ಲಿ ಬೇವಿನ ಮರದ ಕೆಳಗೆ ಅವರ ಗ್ಯಾರೇಜು. ನಾನು ಕಂಡ ಮೊದಲ ಕೈ ಅವರದು. ಅದಕ್ಕಿಂತ ಒಳ್ಳೆಯ ಕೈ ಆಮೇಲೆ ಸಿಗಲಿಲ್ಲ. ಈ ಮಾತು ನನ್ನ ಈಗಿನ ಯಜಮಾನರಾದ ಮಾಸ್ತರರ ಕಿವಿಗೆ ಬೀಳುವುದು ಬೇಡ. ಉಸ್ತಾದರು ನಟ್ಟು ಬಿಗಿಯುವಾಗ ಕಣ್ಣು ಮುಚ್ಚುತ್ತಿದ್ದರು. ಎಲ್ಲಿ ನಿಲ್ಲಬೇಕೆಂಬುದು ಅವರ ಬೆರಳಿಗೆ ತಿಳಿಯುತ್ತಿತ್ತು. ಕಲಿಯಲು ಬಂದವರಿಗೆಲ್ಲ ಅವರು ಹೇಳುತ್ತಿದ್ದುದು ಒಂದೇ ಪಾಠ.

"ಬಿಗಿ ಬಂತಂದ್ರ ಮುಂದ ಪಾವ್ ಸುತ್ತ. ಅಷ್ಟ. ಅದಕಿಂತ ಕಡಿಮಿ ಮಾಡಿದ್ರ ಬಿಚ್ಚತೈತಿ, ಹೆಚ್ಚಿಗಿ ಮಾಡಿದ್ರ ಮುರೀತೈತಿ."

ಪಾವ್ ಸುತ್ತು ಎಂದರೆ ಕಾಲು ಸುತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ನನ್ನ ಕಥೆಯೆಲ್ಲ ಆ ಕಾಲು ಸುತ್ತಿನಲ್ಲೇ ಇದೆ.

ಪ್ರತಿ ಭಾನುವಾರ ಗ್ಯಾರೇಜಿಗೆ ಒಬ್ಬರು ಬರುತ್ತಿದ್ದರು. ಹೆಸರು ಅಡಿವೆಪ್ಪ, ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ಅವರದು ಎರಡು ಸೈಲೆನ್ಸರಿನ, ಕುಂಕುಮದ ಬಣ್ಣದ ಹಳೆಯ ಮೋಟರ್‌ಸೈಕಲ್ಲು. ಗಾಡಿ ಕೆಟ್ಟಿದ್ದರೂ ಬರುತ್ತಿದ್ದರು, ಕೆಡದಿದ್ದರೂ ಬರುತ್ತಿದ್ದರು. ಅಂಗಿ ಕಳಚಿ ಮರಕ್ಕೆ ತೂಗುಹಾಕಿ ಉಸ್ತಾದರ ಪಕ್ಕ ಕುಕ್ಕರಗಾಲಿನಲ್ಲಿ ಕೂತರೆ ಊಟದ ಹೊತ್ತಿನವರೆಗೂ ಏಳುತ್ತಿರಲಿಲ್ಲ.

ಆ ಗಾಡಿಯಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಉಣಿಸುವ ಕಾರ್ಬುರೇಟರನ್ನು ಎರಡು ನಟ್ಟುಗಳು ಹಿಡಿದಿವೆ. ಹೊರಗಿನದು ಸಾಧು. ಒಳಗಿನದು ಹಬ್ಬದ ದಿನ ಸಿಟ್ಟು ಮಾಡಿಕೊಂಡು ಮೂಲೆ ಹಿಡಿದ ಅಳಿಯನಂತೆ, ಯಾವ ಪಾನಾಕ್ಕೂ ಸಿಗದು. ಉಸ್ತಾದರು ಮೂರು ಹತಾರ ಬದಲಿಸಿ ನೋಡಿ, ಕೊನೆಗೆ ನನ್ನನ್ನು ಎತ್ತಿದರು. ಹನ್ನೆರಡು-ಹದಿಮೂರರ ಪಾನಾ ಅವರ ಹತ್ತಿರ ಇನ್ನೊಂದಿತ್ತು. ಆದ್ದರಿಂದ ನನ್ನನ್ನು ಬಲಿ ಕೊಟ್ಟರು. ಗ್ಯಾಸಿನ ಬೆಂಕಿಯಲ್ಲಿ ನನ್ನ ಕುತ್ತಿಗೆಯನ್ನು ಕೆಂಪಗಾಗುವವರೆಗೆ ಕಾಯಿಸಿ, ವೈಸಿನಲ್ಲಿ ಸಿಕ್ಕಿಸಿ, ನಿಧಾನವಾಗಿ ಬಗ್ಗಿಸಿದರು.

"ನಟ್ಟ ಸೀದಾ ಕುಂತಿಲ್ಲ ಮಾಸ್ತರ," ಅಂದರು ಉಸ್ತಾದರು. "ನಾವು ಸೀದಾ ಹೋದ್ರ ಅದು ಸಿಗೂದಿಲ್ಲ."

ನೋವಾಯಿತು. ನೋವಿಗಿಂತ ಅವಮಾನ ಹೆಚ್ಚು. ಹೊಳಪು ಹೋಗಿ ಕುತ್ತಿಗೆ ನೀಲಿಗಟ್ಟಿತು. ಅಣ್ಣತಮ್ಮಂದಿರು ನನಗೆ ನಾಯಿಬಾಲ ಎಂದು ಹೆಸರಿಟ್ಟರು. ಆ ಮೂಲೆಯ ನಟ್ಟಿಗೆ ಬಾಯಿ ಹಾಕಿದಾಗ ಮಾತ್ರ ಹೇಳಿ ಮಾಡಿಸಿದಂತೆ ಕೂತೆ. ಬೇರೆ ಯಾವ ಗಾಡಿಗೂ ಆಮೇಲೆ ನಾನು ಬೇಕಾಗಲಿಲ್ಲ. ಕೆಲವು ವರ್ಷ ಕಳೆದು ಉಸ್ತಾದರ ಕಣ್ಣಿಗೆ ಪೊರೆ ಬಂದು ಗ್ಯಾರೇಜು ಮುಚ್ಚಿದಾಗ, ಅವರು ನನ್ನನ್ನು ಒರೆಸಿ ಮಾಸ್ತರರ ಕೈಯಲ್ಲಿಟ್ಟರು. "ಇದು ನಿಮ್ಮ ಗಾಡಿದ ಹತಾರ, ನನ್ನದಲ್ಲ," ಅಂದರು. ಹೀಗೆ ನನ್ನ ಎರಡನೆಯ ಮನೆ ಶುರುವಾಯಿತು.

ಮಾಸ್ತರರ ಮನೆಯ ಹಿತ್ತಲಲ್ಲಿ ಕಲ್ಲುಹಾಸಿನ ಒಂದು ತುಂಡು ಜಾಗ. ಅದಕ್ಕೆ ತಾಗಿ ಅಡುಗೆಮನೆಯ ಕಿಟಕಿ. ಭಾನುವಾರ ಮಾಸ್ತರರು ಗೋಣಿಚೀಲ ಹಾಸಿ, ಅದರ ಮೇಲೆ ಹಳೆಯ ಪತ್ರಿಕೆ ಹಾಸಿ, ತಮ್ಮ ಹತಾರಗಳ ಜೊತೆ ನನ್ನನ್ನೂ ಸೇರಿಸಿ ಹನ್ನೆರಡು ಜನರನ್ನು ಎತ್ತರದ ಪ್ರಕಾರ ಮಲಗಿಸುತ್ತಿದ್ದರು. ಗಣಿತದವರಲ್ಲವೇ. ಕೆಲಸ ಮಾಡುವಾಗ ಬಾಯಿ ಬಿಟ್ಟೇ ಪಾಠ ಒಪ್ಪಿಸುತ್ತಿದ್ದರು: "ಬಿಗಿ ಬಂತು. ಈಗ ಪಾವ್ ಸುತ್ತ." ಕಿಟಕಿಯ ಆ ಕಡೆ ಅವರ ಹೆಂಡತಿ ಶಿವಲೀಲಕ್ಕ ರೊಟ್ಟಿ ಬಡಿಯುತ್ತಿದ್ದರು. ಆ ಮನೆಯ ಭಾನುವಾರವೆಂದರೆ ಇವೆರಡು ಸದ್ದು.

ಶಿವಲೀಲಕ್ಕನ ಬಗ್ಗೆ ಒಂದು ಮಾತು ಹೇಳಬೇಕು. ಅವರು ಹತಾರ ಮುಟ್ಟುತ್ತಿರಲಿಲ್ಲ, ಆದರೆ ಹತಾರದ ಪೂಜೆ ಅವರದೇ. ದಸರೆಯ ನವಮಿಯ ಹಿಂದಿನ ಸಂಜೆ ನಮ್ಮನ್ನೆಲ್ಲ ಸೀಗೆಪುಡಿ ಹಾಕಿ ತೊಳೆದು, ಮರುದಿನ ಮಣೆಯ ಮೇಲಿಟ್ಟು, ವಿಭೂತಿ ಎಳೆದು, ಕುಂಕುಮ ಹಚ್ಚಿ, ಚೆಂಡುಹೂ ಇಡುತ್ತಿದ್ದರು. ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಕೂತ ಹತಾರವನ್ನು ಮರುದಿನ ದಶಮಿಗೆ ಬನ್ನಿ ಹಂಚುವವರೆಗೆ ಅಲುಗಿಸಬಾರದು ಎಂಬುದು ಅವರ ತವರಿನ ಕಟ್ಟಳೆ. ಒಂದು ವರ್ಷ ನವಮಿಯ ದಿನವೇ ನಲ್ಲಿ ಸೋರಲು ಹಿಡಿಯಿತು. ಮಾಸ್ತರರು ಮಣೆಯ ಕಡೆ ಕೈ ಚಾಚಿದ್ದಷ್ಟೇ. "ಮುಟ್ಟಬ್ಯಾಡ್ರಿ," ಅಂದರು ಶಿವಲೀಲಕ್ಕ. ಮರುದಿನದವರೆಗೆ ನಲ್ಲಿಯ ಕೆಳಗೆ ಕೊಡದ ಮೇಲೆ ಕೊಡ ಇಟ್ಟು, ಆ ನೀರಿನಲ್ಲಿ ಇಡೀ ಅಂಗಳ ತೊಳೆದರು.

ಇನ್ನು ಅನಾಹುತದ ಸಂಗತಿ. ಇಪ್ಪತ್ತಾರು ವರ್ಷ ಗಾಡಿ ಓಡಿಸಿ ಒಮ್ಮೆಯೂ ಬೀಳದ ಮಾಸ್ತರರು ಯುಗಾದಿಯ ಬೆಳಗ್ಗೆ ಸ್ಟೂಲಿನಿಂದ ಬಿದ್ದರು. ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತಿದ್ದರು. ಒಂದು ಎಲೆ ಓರೆಯಾಗಿತ್ತಂತೆ, ಸರಿ ಮಾಡಲು ಬಾಗಿದರು. ಬಲಗೈ ಊರಿ ಬಿದ್ದದ್ದರಿಂದ ಮಣಿಕಟ್ಟು ಮುರಿಯಿತು.

ಆಪರೇಷನ್ ಆಯಿತು. ಎರಡು ವಾರ ಬಿಟ್ಟು ಅವರು ಎಕ್ಸ್‌ರೇ ಹಾಳೆಯನ್ನು ಹಿತ್ತಲ ಬೆಳಕಿಗೆ ಹಿಡಿದರು. ನಾನು ಪೆಟ್ಟಿಗೆಯ ಸಂದಿಯಿಂದ ನೋಡಿದೆ. ಮೂಳೆಯ ಮೇಲೆ ಒಂದು ಪಟ್ಟಿ, ಅದಕ್ಕೆ ಆರು ಸ್ಕ್ರೂ. ನಮ್ಮ ಕುಲದವರೇ! ಕೆಲಸ ಅಚ್ಚುಕಟ್ಟಾಗಿತ್ತು, ಒಂದೂ ಓರೆಯಿರಲಿಲ್ಲ. ಬಿಗಿದವರು ಪಾವ್ ಸುತ್ತು ಬಲ್ಲವರಿರಬೇಕು.

ಆದರೆ ಸ್ಕ್ರೂ ಕೂತಷ್ಟು ಸಲೀಸಾಗಿ ಕೈ ಕೂರಲಿಲ್ಲ. ಬ್ಯಾಂಡೇಜು ಬಿಚ್ಚಿದಾಗ ಮಣಿಕಟ್ಟು ಮೇಲೆ ಕೆಳಗೆ ಆಡುತ್ತಿತ್ತು, ತಿರುಗುತ್ತಿರಲಿಲ್ಲ. ಬೀಗ ತೆಗೆಯಲಾರರು, ಅಂಗೈ ಚಾಚಿ ತೀರ್ಥ ತೆಗೆದುಕೊಳ್ಳಲಾರರು. ವ್ಯಾಯಾಮ ಕಲಿಸುವ ಡಾಕ್ಟರಮ್ಮ ಒಂದು ರಬ್ಬರ್ ಚೆಂಡು ಕೊಟ್ಟು ದಿನಕ್ಕೆ ನೂರು ಸಲ ಹಿಸುಕಿರಿ, ಕೈ ತಿರುಗಿಸುತ್ತ ಹಿಸುಕಿರಿ ಎಂದು ಹೇಳಿ ಕಳಿಸಿದ್ದರು. ಮಾಸ್ತರರು ಮೂರು ದಿನ ಹಿಸುಕಿ, ಚೆಂಡನ್ನು ಕಪಾಟಿನ ಮೇಲಿಟ್ಟರು.

ಜೂನಿನ ಒಂದು ಭಾನುವಾರ ಹಿತ್ತಲಿಗೆ ಬಂದರು. ಗಾಡಿಯ ಮೇಲಿನ ಹಳೆಯ ಚಾದರ ಸರಿಸಿ ಕಿಕ್ ಹೊಡೆದರು. ಮೂರು ತಿಂಗಳು ನಿಂತ ಗಾಡಿ. ಪೆಟ್ರೋಲು ಕಾರ್ಬುರೇಟರಿನಲ್ಲೇ ಒಣಗಿ ಅಂಟಾಗಿತ್ತು. ಅದನ್ನು ಬಿಚ್ಚಿ ತೊಳೆಯದೆ ಗತಿಯಿಲ್ಲ. ನನ್ನನ್ನು ಎತ್ತಿ ಬಲಗೈಯಲ್ಲಿ ಹಿಡಿದರು. ಕೈ ತಿರುಗುವ ಮೊದಲೇ ನಾನು ಜಾರಿ ಕಲ್ಲಿನ ಮೇಲೆ ಬಿದ್ದೆ. ಎಡಗೈಯಲ್ಲಿ ಹಿಡಿದರು. ನನ್ನ ಡೊಂಕು ಬಲಗೈಗೆಂದೇ ಮಾಡಿದ್ದು, ಎಡಗೈಯಲ್ಲಿ ಹಿಡಿದರೆ ನಾನು ಗಾಡಿಯ ಚೌಕಟ್ಟಿಗೆ ಬಡಿಯುತ್ತೇನೆ. ಮತ್ತೆ ಬಲಗೈ. ಮತ್ತೆ ಬಿದ್ದೆ. ಒಂಬತ್ತು ಸಲ ಬಿದ್ದೆ, ಎಣಿಸಿದ್ದೇನೆ. ಹತ್ತನೆಯ ಸಲ ಮಾಸ್ತರರು ನನ್ನನ್ನು ಗೋಡೆಗೆ ಎಸೆದರು.

"ಡೊಂಕ ಪಾನಾ! ಇದರಿಂದ ಏನಾಗತೈತಿ!" ಅಂದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ನನಗೆ ಸಿಟ್ಟು ಬರಲಿಲ್ಲ. ಎಸೆದದ್ದೂ ಎಡಗೈಯಲ್ಲೇ, ಪಾಪ.

ಅದೇ ವಾರ ಶಿವಲೀಲಕ್ಕನ ತಮ್ಮ ಪ್ರಭುಲಿಂಗ ಬಂದ. ಕೊಪ್ಪಳದಲ್ಲಿ ಅಂಗಡಿ ಇಟ್ಟವನು, ಹಳೆಯ ಗಾಡಿಗಳ ಹುಚ್ಚಿನವನು. "ಮಾಮಾ, ಇದು ಹಿಂಗ ನಿಂತ್ರ ತುಕ್ಕ ಹಿಡೀತೈತಿ. ನನ್ನ ಕಡೆ ಕೊಡ್ರಿ, ಮಗುನಂಗ ನೋಡ್ಕೋತೀನಿ," ಅಂದ. ಕೆಟ್ಟ ಮನುಷ್ಯನಲ್ಲ, ನಿಜವಾಗಿಯೂ ನೋಡಿಕೊಳ್ಳುತ್ತಿದ್ದ. ಶಿವಲೀಲಕ್ಕನಿಗೂ ಅದೇ ಬೇಕಿತ್ತು. ಗಾಡಿಯ ಎಕ್ಸಲೇಟರ್ ತಿರುಗಿಸುವುದೂ, ಮುಂದಿನ ಬ್ರೇಕು ಹಿಡಿಯುವುದೂ ಬಲಗೈಯೇ. ತಿರುಗದ ಕೈ ಹಿಡಿದುಕೊಂಡು ಈ ಮನುಷ್ಯ ರಸ್ತೆಗೆ ಇಳಿದರೆ ಎಂಬ ಹೆದರಿಕೆ ಅವರಿಗೆ.

"ನವಮಿ ತನಕ ನೋಡೂಣು," ಅಂದರು ಶಿವಲೀಲಕ್ಕ. "ಅವತ್ತ ನೀವು ನಿಮ್ಮ ಕೈಲೆ ರಿಪೇರಿ ಮಾಡಿ, ಗಾಡಿ ಚಾಲೂ ಮಾಡಿ, ನಿಂಬಿಹಣ್ಣ ದಾಟಿಸಿದ್ರ ಅದು ಮನ್ಯಾಗಿರ್ಲಿ. ಇಲ್ಲಂದ್ರ ಬನ್ನಿ ದಿನ ಪ್ರಭು ಒಯ್ಯಲಿ."

ಮಾಸ್ತರರು ಹೂಂ ಅಂದರು. ಅಂದರೇನು, ಮರುದಿನವೇ ನಮ್ಮನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದರು. ಗಾಡಿ ಹೋಯಿತೆಂದು ಆಗಲೇ ಒಪ್ಪಿಕೊಂಡಂತಿತ್ತು. ಶಾಲೆಯಲ್ಲಿ ಎಡಗೈಯಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದಾರೆ, ಅಂಕಿಗಳು ಕುಡಿದವರಂತೆ ನಿಲ್ಲುತ್ತಿವೆ ಎಂದು ಅವರೇ ಹೆಂಡತಿಗೆ ಹೇಳಿದ್ದು ಪೆಟ್ಟಿಗೆಯೊಳಗೆ ಕೇಳಿಸಿತು. ಆ ದಿನ ಅವರು ಹೇಳಿಕೊಳ್ಳುತ್ತ ನಕ್ಕರು. ಶಿವಲೀಲಕ್ಕ ನಗಲಿಲ್ಲ.

ಮುಂದಿನದನ್ನು ಕತ್ತಲೆಯಲ್ಲಿದ್ದು ಕಿವಿಯಿಂದ ತಿಳಿದೆ. ಒಂದು ಬೆಳಗ್ಗೆ ರೊಟ್ಟಿಯ ಸದ್ದು ಶುರುವಾಗುವ ಮೊದಲು ಶಿವಲೀಲಕ್ಕನ ದನಿ:

"ಇಲ್ಲಿ ಬರ್ರಿ. ಕೈ ತೊಳ್ಕೊಂಡು ಹಿಟ್ಟ ನಾದ್ರಿ."

"ನಾನಾ?"

"ಮತ್ಯಾರು? ಆ ರಬ್ಬರ್ ಚೆಂಡು ಹಿಚುಕಿದ್ರ ಹೊಟ್ಟಿ ತುಂಬೂದಿಲ್ಲ. ಇದನ್ನರ ಹಿಚುಕ್ರಿ."

ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ, ಕೈಗೆ ತಡೆಯುವಷ್ಟು ಆರಿದ ಮೇಲೆ ನಾದಬೇಕು. ಒತ್ತಬೇಕು, ಮಡಚಬೇಕು, ತಿರುಗಿಸಿ ಮತ್ತೆ ಒತ್ತಬೇಕು. ಮೊದಲ ದಿನ ಮಾಸ್ತರರು ಎರಡೇ ಸಲ ಒತ್ತಿ ಅಯ್ಯೋ ಅಂದರು. ಮರುದಿನವೂ ಹಿಟ್ಟಿನ ತಟ್ಟೆ, ಆ ಅಗಲದ ಪರಾತ, ಅವರ ಮುಂದೆ ಬಂತು. ಅದರ ಮರುದಿನವೂ ಬಂತು. ಪಕ್ಕದ ಮನೆಯ ಹೆಂಗಸು ಕಿಟಕಿಯಲ್ಲಿ ಇಣುಕಿ, "ಏನ್ರಿ ಮಾಸ್ತರ, ಗಣಿತ ಬಿಟ್ಟು ಖಾನಾವಳಿ ತೆಗದ್ರೇನು?" ಎಂದು ಕೇಳಿದಳು. "ಹೌದ್ರಿ, ನಿಮಗ ಎಷ್ಟ ರೊಟ್ಟಿ ಬೇಕು?" ಅಂದರು ಮಾಸ್ತರರು. ಅವರು ಹಾಗೆ ಮಾತಾಡಿ ಬಹಳ ದಿನವಾಗಿತ್ತು.

ಶ್ರಾವಣ ಮುಗಿಯುವ ಹೊತ್ತಿಗೆ ಅವರು ನಾದುವ ಸದ್ದು ಒಂದೇ ಲಯಕ್ಕೆ ಬಂದಿತ್ತು. ಒಂದು ಭಾನುವಾರ ಪೆಟ್ಟಿಗೆಯ ಮುಚ್ಚಳ ತೆರೆಯಿತು. ಗೋಣಿಚೀಲ, ಹಳೆಯ ಪತ್ರಿಕೆ, ಎತ್ತರದ ಪ್ರಕಾರ ಹನ್ನೆರಡು ಜನ. ಹೊರಗಿನ ನಟ್ಟನ್ನು ಮಾಸ್ತರರು ಬಿಚ್ಚಿದರು. ನಾನು ಕೈಯಿಂದ ಬೀಳಲಿಲ್ಲ. ಒಳಗಿನ ನಟ್ಟು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮಣಿಕಟ್ಟು ಅರ್ಧ ದಾರಿಯಲ್ಲಿ ನಿಂತುಬಿಡುತ್ತಿತ್ತು. ಮುಖ ಬೆವರಿತು, ತುಟಿ ಕಚ್ಚಿದರು. ಕಿಟಕಿಯಿಂದ ನೋಡಿ ನೋಡಿ ಸಾಕಾಗಿ ಶಿವಲೀಲಕ್ಕ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದರು.

"ಸರೀರಿ," ಅಂದರು.

ಜೀವಮಾನದಲ್ಲಿ ಮೊದಲ ಸಲ ಅವರು ನನ್ನನ್ನು ಕೆಲಸಕ್ಕೆಂದು ಹಿಡಿದದ್ದು. ಮೂವತ್ತು ವರ್ಷ ರೊಟ್ಟಿ ಬಡಿದ ಕೈ. ಒಂದೇ ಜಗ್ಗು, ನಟ್ಟು ಕಟಕ್ಕೆಂದು ಬಿಟ್ಟಿತು. ಅವರು ನನ್ನನ್ನು ಪತ್ರಿಕೆಯ ಮೇಲೆ, ನನ್ನ ಜಾಗದಲ್ಲೇ ಇಟ್ಟು ಒಳಗೆ ಹೋದರು. ಗಾಡಿ ಹೋಗಲಿ ಎಂದಿದ್ದವರೂ ಅವರೇ. ಮನುಷ್ಯರ ಲೆಕ್ಕ ನನಗೆ ತಿಳಿಯುವುದಿಲ್ಲ.

ಆಮೇಲೆ ಐದು ಭಾನುವಾರ. ಕಾರ್ಬುರೇಟರು ತೊಳೆದರು, ಸಣ್ಣ ತೂತುಗಳಿಗೆ ಗಾಳಿ ಊದಿದರು, ಪ್ಲಗ್ಗು ಉಜ್ಜಿದರು, ಚೈನಿಗೆ ಎಣ್ಣೆ ಬಿಟ್ಟರು. ಮೊದಲು ಒಂದು ಗಂಟೆಯ ಕೆಲಸವಾಗಿದ್ದುದು ಈಗ ಮೂರು ಗಂಟೆ. ನವಮಿಯ ಹಿಂದಿನ ಸಂಜೆ ಎಲ್ಲ ಜೋಡಿಸಿದರು. ಕೊನೆಗೆ ಒಳಗಿನ ನಟ್ಟು. ಬಿಗಿ ಬಂತು. ಮುಂದಿನ ಪಾವ್ ಸುತ್ತಿಗೆ ಬಂದಾಗ ಮಾಸ್ತರರು ಕೈ ತಡೆದರು. ಎಷ್ಟು ಒತ್ತುತ್ತಿದ್ದೇನೆ ಎಂಬುದು ಆ ಕೈಗೆ ಇನ್ನೂ ತಿಳಿಯುತ್ತಿರಲಿಲ್ಲ. ಹೆಚ್ಚಾದರೆ ಕಾರ್ಬುರೇಟರಿನಲ್ಲಿ ನಟ್ಟು ಕೂರುವ ಕಿವಿಯೇ ಮುರಿಯುತ್ತದೆ. ನಾಳೆ ಬೆಳಗ್ಗೆ ಕೈಯ ದಣಿವು ಆರಿದ ಮೇಲೆ ಬಿಗಿದರಾಯಿತು ಎಂದುಕೊಂಡು ಕಿಕ್ ಹೊಡೆದರು. ಎರಡನೆಯ ಹೊಡೆತಕ್ಕೆ ಗಾಡಿ ಗುಡುಗಿತು!

ಮಾಸ್ತರರು ಮಗುವಿನಂತೆ ಕೂಗಿದರು. ಶಿವಲೀಲಕ್ಕ ಬಂದು ನೋಡಿದರು. ಆ ಸಡಗರದಲ್ಲಿ ಅವರು, "ಹತಾರ ಕೊಡ್ರಿ, ತೊಳೀಬೇಕು," ಅಂದರು. ಮಾಸ್ತರರು ನನ್ನನ್ನೂ ಸೇರಿಸಿ ಕೊಟ್ಟುಬಿಟ್ಟರು. ಕಾಲು ಸುತ್ತು ಬಾಕಿ ಇದೆಯೆಂದು ನನಗೆ ಗೊತ್ತಿತ್ತು. ಎರಡು ಬಾಯಿ ಇಟ್ಟುಕೊಂಡೂ ನಾನು ಮೂಕ.

ಬೆಳಗಾಯಿತು. ನಾವು ಮಣೆಯ ಮೇಲೆ ವಿಭೂತಿ, ಕುಂಕುಮ, ಹೂವಿನೊಡನೆ ಕೂತೆವು. ಮಂಗಳಾರತಿ ಆಯಿತು. ಗಾಡಿಗೆ ಹಾರ ಹಾಕಿ ಬಾಗಿಲ ಮುಂದೆ ನಿಲ್ಲಿಸಿ, ಎರಡೂ ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟರು. ಪ್ರಭುಲಿಂಗ ಗಾಡಿಗೆಂದು ಹೊಸ ಸೀಟ್ ಕವರ್ ತಂದಿದ್ದ, ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ನಿಂತಿದ್ದ. ಮಾಸ್ತರರು ಕಿಕ್ ಹೊಡೆದರು. ಗಾಡಿ ಎದ್ದಿತು, ಹುಚ್ಚು ಹಿಡಿದಂತೆ ಒಮ್ಮೆ ಅರಚಿತು, ಆರಿಹೋಯಿತು. ಮತ್ತೆ ಹೊಡೆದರು. ಮತ್ತೆ ಅರಚಿ ಆರಿತು. ನಾಲ್ಕು ಸಲ ಹೀಗಾದ ಮೇಲೆ ಪ್ರಭುಲಿಂಗ ಮೆತ್ತಗೆ ಹೇಳಿದ:

"ಮಾಮಾ, ದೂಡ್ಕೊಂಡ ದಾಟಿಸೂಣು ಬಿಡ್ರಿ. ನಿಂಬಿಹಣ್ಣಿಗೆ ಏನ್ ತಿಳೀತೈತಿ?"

ಮಾಸ್ತರರು ಮಂಡಿಯೂರಿ ಇಂಜಿನ್ನಿಗೆ ಕಿವಿ ಕೊಟ್ಟಿದ್ದರು. ಬಿಗಿಯಿಲ್ಲದ ನಟ್ಟು ಇಂಜಿನ್ನಿನ ಅದುರಾಟಕ್ಕೆ ಸಡಿಲಾಗಿ, ಅಲ್ಲಿಂದ ಗಾಳಿ ಒಳನುಗ್ಗುತ್ತಿತ್ತು. "ಗಾಳಿ ಎಳಿಯಾಕತ್ತೈತಿ," ಅಂದರು. "ಪಾವ್ ಸುತ್ತ ಉಳಿಸಿಬಿಟ್ಟೆ." ಒಮ್ಮೆ ಮಣೆಯ ಕಡೆ ನೋಡಿದರು. ಕೇಳಲಿಲ್ಲ. ನಲ್ಲಿ ಸೋರಿದ ವರ್ಷ ಅವರಿಗೆ ನೆನಪಿತ್ತು. ಎದ್ದು ಕಟ್ಟೆಯ ಮೇಲೆ ಕೂತು, ಬಲಗೈಯನ್ನು ತೊಡೆಯ ಮೇಲೆ ಬೋರಲಿಟ್ಟುಕೊಂಡರು.

ಶಿವಲೀಲಕ್ಕನ ಕೈಯಲ್ಲಿ ಆರತಿ ತಟ್ಟೆ. ಅವರು ಗಂಡನನ್ನು ನೋಡಿದರು, ಆ ಕೈಯನ್ನು ನೋಡಿದರು. ತಟ್ಟೆ ಕೆಳಗಿಟ್ಟು ಮಣೆಯ ಹತ್ತಿರ ಬಂದು ನನ್ನನ್ನು ಎತ್ತಿದರು. ನನ್ನ ಮೇಲಿದ್ದ ಚೆಂಡುಹೂ ಉರುಳಿ ಬಿತ್ತು.

"ಅಕ್ಕಾ! ಪೂಜಿ ಆದ ಹತಾರ!" ಅಂದ ಪ್ರಭುಲಿಂಗ.

"ಗೊತ್ತೈತಿ."

"ಹಂಗಾರ ನನಗ ಕೊಡು, ಒಮ್ಮೆ ತಿರುವಿಬಿಡ್ತೀನಿ."

"ನಿನ್ನ ಕೈ ಚಲೋ ಐತಿ. ಅದು ತಿರುವಿದ್ರೇನ ದೊಡ್ಡದು?" ಅಂದರು ಶಿವಲೀಲಕ್ಕ. ತಾವೂ ತಿರುಗಿಸಬಹುದಿತ್ತು, ಒಂದೇ ಜಗ್ಗಿಗೆ. ತಿರುಗಿಸಲಿಲ್ಲ. ಗಂಡನ ಬಲಗೈಯನ್ನು ಎತ್ತಿ, ಅಂಗೈ ಮೇಲೆ ಮಾಡಿ, ನನ್ನನ್ನು ಇಟ್ಟರು.

"ಏಳ್ರಿ. ಬಿಗಿ ಬಂದ್ ಮ್ಯಾಲ ಪಾವ್ ಸುತ್ತ," ಅಂದರು.

ಕಿಟಕಿಯ ಆ ಕಡೆ ರೊಟ್ಟಿ ಬಡಿಯುತ್ತ ಇಷ್ಟು ವರ್ಷ ಕೇಳಿಸಿಕೊಂಡ ಪಾಠ ಅದು.

ಮಾಸ್ತರರು ಮಂಡಿಯೂರಿದರು. ನಾನು ನಟ್ಟನ್ನು ಕಚ್ಚಿದೆ. ಮೈಮೇಲಿನ ವಿಭೂತಿ, ಕುಂಕುಮ ಅವರ ಬೆವರಿಗೆ ಕಲಸಿ ಕೈ ಜಾರುತ್ತಿತ್ತು. ಬಿಗಿ ಬಂತು. ಮಣಿಕಟ್ಟು ಅರ್ಧಕ್ಕೆ ನಿಂತಿತು. ಅವರು ಭುಜ ಹಾಕಿ ಜಗ್ಗಲಿಲ್ಲ. ಕಣ್ಣು ಮುಚ್ಚಿದರು. ಪರಾತದಲ್ಲಿ ಹಿಟ್ಟು ತಿರುಗಿಸಿ ಒತ್ತುವ ಹಾಗೆ, ಅಷ್ಟೇ ನಿಧಾನವಾಗಿ ಒತ್ತಿದರು. ಮಣಿಕಟ್ಟಿನೊಳಗಿನ ಆರು ಸ್ಕ್ರೂಗಳೂ ನನ್ನ ಜೊತೆ ದುಡಿದವೆಂದು ನನ್ನ ನಂಬಿಕೆ. ಕಾಲು ಸುತ್ತು, ತುಂಬಿದ ಕಾಲು ಸುತ್ತು ತಿರುಗಿತು. ಅಲ್ಲಿಗೆ ಕೈ ತಾನಾಗಿಯೇ ನಿಂತಿತು. ದಸ್ತಗೀರ ಉಸ್ತಾದರ ಬಳಿಕ ಹಾಗೆ ನಿಂತ ಕೈ ಅದೊಂದೇ.

ಒಂದೇ ಕಿಕ್ಕಿಗೆ ಗಾಡಿ ಎದ್ದಿತು, ಆರಲಿಲ್ಲ. ನಿಂಬೆಹಣ್ಣು ಎರಡೂ ಚಪ್ಪಟೆಯಾದವು. ಪ್ರಭುಲಿಂಗ ತಂದ ಸೀಟ್ ಕವರನ್ನು ತಾನೇ ಹಾಕಿಕೊಟ್ಟು ಹೋದ. ಹೇಳಿದೆನಲ್ಲ, ಕೆಟ್ಟ ಮನುಷ್ಯನಲ್ಲ.

ಇದೆಲ್ಲ ಆಗಿ ಹನ್ನೊಂದು ವರ್ಷ. ಮಾಸ್ತರರು ನಿವೃತ್ತರಾಗಿದ್ದಾರೆ. ಮಣಿಕಟ್ಟು ಪೂರ್ತಿ ನೇರವಾಗಲಿಲ್ಲ, ಚಳಿಗಾಲದಲ್ಲಿ ನೋಯುತ್ತದೆ. ಹಿಟ್ಟು ಈಗಲೂ ಅವರೇ ನಾದುತ್ತಾರೆ. ಗಾಡಿ ಸಂತೆಯವರೆಗೆ ಹೋಗಿ ಬರುತ್ತದೆ, ಹಿಂದಿನ ಸೀಟಿನಲ್ಲಿ ಶಿವಲೀಲಕ್ಕ. ನನ್ನ ಹದಿಮೂರರ ಬಾಯಿ ಸವೆದು ಅಗಲವಾಗಿದೆ. ಕಚ್ಚಿದರೂ ಒಮ್ಮೊಮ್ಮೆ ಜಾರುತ್ತೇನೆ. ವರ್ಷಕ್ಕೆ ಒಂದೆರಡು ಸಲ ಕೆಲಸ, ಉಳಿದಂತೆ ಪೆಟ್ಟಿಗೆಯ ಮೂಲೆ. ನೇರವಾಗಿಯೇ ಇದ್ದಿದ್ದರೆ ಎಷ್ಟೋ ಗಾಡಿಗಳ ಎಷ್ಟೋ ನಟ್ಟುಗಳನ್ನು ಕಾಣುತ್ತಿದ್ದೆ ಎಂದು ಮೊದಲು ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ. ಒಂದೇ ನಟ್ಟು ಸಾಕಾಯಿತು.

ಖಂಡೇಪೂಜೆ ಪ್ರತಿ ವರ್ಷವೂ ನಡೆಯುತ್ತದೆ. ಹನ್ನೊಂದು ಹತಾರಗಳು ಮಣೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕೂರುತ್ತವೆ. ನನಗೆ ವಿಭೂತಿಯಿಲ್ಲ, ಹೂವಿಲ್ಲ. ತೊಳೆದು, ಒರೆಸಿ, ಗಾಡಿಯ ಸೀಟಿನ ಮೇಲೆ ಬರಿಮೈಯಲ್ಲಿ ಇಡುತ್ತಾರೆ. ಹೋದ ವರ್ಷ ಪೂಜೆಗೆ ಬಂದ ಪಕ್ಕದ ಮನೆಯ ಹೆಂಗಸು ನನ್ನನ್ನು ಕಂಡು, "ಇದೊಂದ ಉಳದೈತಲ್ರಿ, ಇದಕ್ಕೂ ಹೂ ಏರಸ್ರಿ," ಅಂದಳು.

"ಅದಕ ಬ್ಯಾಡ್ರಿ," ಅಂದರು ಶಿವಲೀಲಕ್ಕ. "ಅದು ಡ್ಯೂಟಿ ಮ್ಯಾಲ ಐತಿ."